ಪಾಪ, ಅಪರಾಧ ಮತ್ತು ಪಾಲುದಾರಿಕೆ: ಉಗಾಂಡದ ಕಾಯ್ದೆಗೆ ಹೊರಗಿನ ಚರ್ಚ್‌ಗಳು ಎಷ್ಟು ಹೊಣೆ?

2023ರ ಫೆಬ್ರುವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಆಡಳಿತ ಸಭೆಯಾದ ಜನರಲ್ ಸಿನಡ್, ಸಲಿಂಗ ಜೋಡಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳನ್ನು ಬಳಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅದಾಗಿ ಮೂರೇ ತಿಂಗಳಲ್ಲಿ ಉಗಾಂಡದ ಅಧ್ಯಕ್ಷ ಯೊವೆರಿ ಮುಸೆವೆನಿ ಸಲಿಂಗ ಲೈಂಗಿಕ ಸಂಬಂಧಕ್ಕೆ ಜೀವಾವಧಿ ಸೆರೆವಾಸ ವಿಧಿಸುವ ಕಾಯ್ದೆಗೆ ಸಹಿ ಹಾಕಿದರು, ಚರ್ಚ್ ಆಫ್ ಉಗಾಂಡದ ಆರ್ಚ್‌ಬಿಷಪ್ ಸ್ಟೀಫನ್ ಕಾಜಿಂಬಾ ಅದನ್ನು ಸ್ವಾಗತಿಸಿದರು. ಈ ಎರಡೂ ಚರ್ಚ್‌ಗಳು, ಇಂಗ್ಲೆಂಡಿನ ಚರ್ಚ್‌ನ ಪರಂಪರೆಯಲ್ಲಿ ಬೆಳೆದ ಚರ್ಚ್‌ಗಳ ಜಾಗತಿಕ ಕೂಟವಾದ ಆಂಗ್ಲಿಕನ್ ಒಕ್ಕೂಟದ ಸದಸ್ಯರು. ಘಾನಾದಲ್ಲಿ ಇದೇ ಬಗೆಯ ಮಸೂದೆಯೊಂದು 2025ರಲ್ಲಿ ಮತ್ತೆ ಸಂಸತ್ತಿನ ಮುಂದೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾರಾ ಮುಲಾಲಿ ಅವರನ್ನು ಇಂಗ್ಲೆಂಡಿನ ಚರ್ಚ್‌ನ ಅತ್ಯುನ್ನತ ಪೀಠವಾದ ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಹೆಸರಿಸಿದ ಎರಡು ವಾರಗಳೊಳಗೆ, ಸಂಪ್ರದಾಯನಿಷ್ಠ ಚರ್ಚ್‌ಗಳ ಗುಂಪಾದ ಗಾಫ್ಕಾನ್, ಆ ಪೀಠದ ಜೊತೆಗಿನ ಸಾಂಸ್ಥಿಕ ನಂಟನ್ನು ಕಡಿದುಕೊಳ್ಳುವುದಾಗಿ ಸಾರಿತು.

ಈ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಸರಳವಾದದ್ದು: ಇಂಗ್ಲೆಂಡಿನ ಚರ್ಚ್ ತನ್ನ ಆಫ್ರಿಕದ ಸೋದರ ಚರ್ಚನ್ನು ತಡೆಯಬಹುದಿತ್ತಲ್ಲವೇ? ತಡೆಯುವ ಅಧಿಕಾರ ಅದಕ್ಕಿಲ್ಲ ಎಂಬುದು ಉತ್ತರ. ಅಧಿಕಾರವಿಲ್ಲದಿದ್ದರೆ ಹೊಣೆಯೂ ಇಲ್ಲವೇ ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ಅಷ್ಟು ಸುಲಭದ ಉತ್ತರವಿಲ್ಲ.

ಕಾಯ್ದೆಯಲ್ಲಿ ಇರುವುದೇನು

ಉಗಾಂಡದಲ್ಲಿ ಸಲಿಂಗ ಲೈಂಗಿಕ ಕ್ರಿಯೆ 2023ಕ್ಕೂ ಮೊದಲೇ ಅಪರಾಧವಾಗಿತ್ತು. ವಸಾಹತು ಕಾಲದಿಂದ ಬಂದ ದಂಡಸಂಹಿತೆಯಲ್ಲೇ ಅದಕ್ಕೆ ಜೀವಾವಧಿ ಶಿಕ್ಷೆಯಿತ್ತು. ಹೊಸ ಕಾಯ್ದೆ ಅಪರಾಧದ ವ್ಯಾಪ್ತಿಯನ್ನು ಹಿಗ್ಗಿಸಿತು. ಸಲಿಂಗಕಾಮದ ‘ಪ್ರಚಾರ’ಕ್ಕೆ 20 ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಪಡಿಸಿತು. ಅಪ್ರಾಪ್ತರು ಮತ್ತು ಅಂಗವಿಕಲರನ್ನು ಒಳಗೊಂಡ ಪ್ರಕರಣಗಳ ಜೊತೆಗೆ, ಒಮ್ಮೆ ಶಿಕ್ಷೆಯಾದವರು ಮತ್ತೆ ಸಿಕ್ಕಿಬಿದ್ದರೆ ಅದನ್ನೂ ‘ಗಂಭೀರ ಸ್ವರೂಪದ’ ಅಪರಾಧವೆಂದು ಪರಿಗಣಿಸಿ ಮರಣದಂಡನೆಯ ವ್ಯಾಪ್ತಿಗೆ ತಂದಿತು. ಮಕ್ಕಳ ಮೇಲಿನ ದೌರ್ಜನ್ಯವನ್ನೂ ವಯಸ್ಕರಿಬ್ಬರು ಒಪ್ಪಿ ನಡೆಸುವ ಸಂಬಂಧವನ್ನೂ ಒಂದೇ ಶೀರ್ಷಿಕೆಯಡಿ ಕೂರಿಸಿದ್ದು ಈ ಕಾಯ್ದೆಯ ಚಾತುರ್ಯ. ಅದನ್ನು ವಿರೋಧಿಸುವವರು ಮಕ್ಕಳ ರಕ್ಷಣೆಯನ್ನೇ ವಿರೋಧಿಸುತ್ತಿದ್ದಾರೆ ಎಂದು ಬಿಂಬಿಸುವುದು ಇದರಿಂದ ಸುಲಭವಾಯಿತು.

ಇಂಥದೇ ಕಾಯ್ದೆಯೊಂದನ್ನು 2014ರಲ್ಲೂ ತರಲಾಗಿತ್ತು. ಸಂಸತ್ತಿನಲ್ಲಿ ಕೋರಂ ಇಲ್ಲದೆ ಅಂಗೀಕರಿಸಲಾಗಿದೆ ಎಂಬ ಕಾರಣಕ್ಕೆ ಸಾಂವಿಧಾನಿಕ ನ್ಯಾಯಾಲಯ ಅದೇ ವರ್ಷ ಅದನ್ನು ರದ್ದುಪಡಿಸಿತು. ಈ ಬಾರಿ ಹಾಗಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಮನೆ ಬಾಡಿಗೆಗೆ ಕೊಡುವುದಕ್ಕೆ ಮತ್ತು ಪೊಲೀಸರಿಗೆ ಮಾಹಿತಿ ನೀಡುವ ಕರ್ತವ್ಯಕ್ಕೆ ಸಂಬಂಧಿಸಿದ ಅಂಶಗಳೂ ಸೇರಿದಂತೆ ಕೆಲವನ್ನು ಹೊಡೆದುಹಾಕಿ, ಉಳಿದ ಕಾಯ್ದೆಯನ್ನು ಎತ್ತಿಹಿಡಿಯಿತು.

ಕಾಜಿಂಬಾ ಅವರ ನಿಲುವನ್ನು ಅವರಿಗೆ ಅನ್ಯಾಯವಾಗದಂತೆ ದಾಖಲಿಸಬೇಕು. ಅವರು ಮರಣದಂಡನೆಯನ್ನು ಬೆಂಬಲಿಸಲಿಲ್ಲ. ಅದರ ಬದಲು ಜೀವಾವಧಿ ಶಿಕ್ಷೆ ಇರಲಿ ಎಂದರು. ಆದರೆ ಒಂದು ಚರ್ಚ್‌ನ ಮುಖ್ಯಸ್ಥರು ಒಪ್ಪಿತ ಸಂಬಂಧಕ್ಕೆ ಆಜೀವ ಸೆರೆಯನ್ನು ಸೌಮ್ಯ ಪರ್ಯಾಯವೆಂಬಂತೆ ಮುಂದಿಟ್ಟರು ಎಂಬುದೇ ಹೊರಗಿನ ಪಾಲುದಾರರನ್ನು ಇಕ್ಕಟ್ಟಿಗೆ ಸಿಲುಕಿಸಿದ್ದು.

ಆಜ್ಞೆಯಿಲ್ಲದ ಒಕ್ಕೂಟ

ಆಂಗ್ಲಿಕನ್ ಒಕ್ಕೂಟದಲ್ಲಿ 42 ಸ್ವಾಯತ್ತ ಚರ್ಚ್‌ಗಳಿವೆ. ರೋಮಿನ ಪೋಪ್‌ಗೆ ಇರುವಂಥ ಅಧಿಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ಇಲ್ಲ. ಅವರು ಸಮಾನರಲ್ಲಿ ಮೊದಲಿಗರು. ಸಭೆ ಕರೆಯಬಹುದು, ಪತ್ರ ಬರೆಯಬಹುದು, ಮನವೊಲಿಸಲು ಯತ್ನಿಸಬಹುದು. ಉಗಾಂಡದ ಬಿಷಪ್ಪರನ್ನು ನೇಮಿಸುವ ಅಥವಾ ವಜಾ ಮಾಡುವ ಮಾತಂತೂ ದೂರವೇ ಉಳಿಯಿತು.

ಆದರೆ ಒಕ್ಕೂಟವೆಂದರೆ ಮೇಲ್ಮಟ್ಟದ ಸಭೆಗಳಷ್ಟೇ ಅಲ್ಲ. ಇಂಗ್ಲೆಂಡಿನ ಹಲವು ಡಯಾಸಿಸ್‌ಗಳು (ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶಗಳು) ಹೊರದೇಶದ ಡಯಾಸಿಸ್‌ಗಳ ಜೊತೆ ದಶಕಗಳ ಸಖ್ಯವನ್ನು ಇಟ್ಟುಕೊಂಡಿವೆ. ಬ್ರಿಸ್ಟಲ್ ಉಗಾಂಡದ ಜೊತೆ, ಪೋರ್ಟ್ಸ್‌ಮತ್ ಘಾನಾದ ಜೊತೆ ಇಂಥ ನಂಟು ಬೆಳೆಸಿಕೊಂಡಿವೆ. ಇಂಥ ಸಖ್ಯಗಳಲ್ಲಿ ಪಾದ್ರಿಗಳು ಹೋಗಿಬರುತ್ತಾರೆ, ಶಾಲೆಗೂ ಆಸ್ಪತ್ರೆಗೂ ಹಣ ಹೋಗುತ್ತದೆ, ಭಾನುವಾರದ ಪ್ರಾರ್ಥನೆಯಲ್ಲಿ ಪರಸ್ಪರರ ಹೆಸರು ಬರುತ್ತದೆ. ತಮ್ಮ ಕಾಣಿಕೆ ಹೋಗುತ್ತಿರುವ ಚರ್ಚ್ ಜೈಲುಶಿಕ್ಷೆಯ ಪರ ಹೇಳಿಕೆ ಕೊಟ್ಟಿದೆ ಎಂದು ಪತ್ರಿಕೆಯಲ್ಲಿ ಓದಿದ ಇಂಗ್ಲೆಂಡಿನ ಸಾಮಾನ್ಯ ಸಭಿಕರಿಗೆ, ಅದರಲ್ಲೂ ಸ್ವತಃ ಸಲಿಂಗಿಗಳಾದವರಿಗೆ, ‘ನಮಗೆ ಅಧಿಕಾರವಿಲ್ಲ’ ಎಂಬ ಸಮಜಾಯಿಷಿ ಸಾಲುವುದಿಲ್ಲ. ಆಜ್ಞೆ ಮಾಡಲಾರದವರು ಆಜ್ಞೆಯ ಹೊಣೆ ಹೊರಬೇಕಿಲ್ಲ, ನಿಜ. ಆದರೆ ಜೊತೆಗಿರುವವರು ಜೊತೆಯ ಹೊಣೆಯಿಂದ ಜಾರಿಕೊಳ್ಳಲಾಗದು.

ಯಾವುದು ಎಲ್ಲಿಂದ ಬಂತು

ಉಗಾಂಡದ ಬಿಷಪ್ಪರ ಮುಖ್ಯ ವಾದ, ಸಲಿಂಗಕಾಮವನ್ನು ಪಶ್ಚಿಮದವರು ತಮ್ಮ ಮೇಲೆ ಹೇರುತ್ತಿದ್ದಾರೆ ಎಂಬುದು. ಈ ವಾದಕ್ಕೆ ಜನಮನದಲ್ಲಿ ಗಟ್ಟಿ ಬೇರಿದೆ. ಇಂಗ್ಲೆಂಡಿನ ಆಂಗ್ಲಿಕನ್ ಧರ್ಮಪ್ರಚಾರ ಸಂಸ್ಥೆಯಾದ ಚರ್ಚ್ ಮಿಷನರಿ ಸೊಸೈಟಿಯವರು 1877ರಲ್ಲಿ, ಇಂದಿನ ಉಗಾಂಡದ ಭಾಗವಾದ ಬುಗಾಂಡ ರಾಜ್ಯಕ್ಕೆ ಬಂದರು. ಹೊಸದಾಗಿ ಕ್ರೈಸ್ತರಾಗಿದ್ದ ಅರಮನೆಯ ಎಳೆಯ ಊಳಿಗದವರನ್ನು ರಾಜ ಮ್ವಾಂಗ 1885ರಿಂದ 1887ರ ನಡುವೆ ಕೊಲ್ಲಿಸಿದ. ಅವರಲ್ಲಿ ಹಲವರನ್ನು 1886ರ ಜೂನ್ 3ರಂದು ನಮುಗೊಂಗೊದಲ್ಲಿ ಸುಡಲಾಯಿತು. ರಾಜನ ಲೈಂಗಿಕ ಬಯಕೆಗೆ ಅವರು ಮಣಿಯದಿದ್ದುದೇ ಕಾರಣ ಎಂಬ ಕಥನವನ್ನು ಅಲ್ಲಿನ ಚರ್ಚ್‌ಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿವೆ, ಆ ದಿನ ಇವತ್ತಿಗೂ ರಾಷ್ಟ್ರೀಯ ರಜೆ. ರಾಜಕೀಯ ಕಾರಣಗಳೂ ಇದ್ದವು ಎಂದು ಇತಿಹಾಸಕಾರರು ತೋರಿಸಿದ್ದಾರಾದರೂ ಭಕ್ತರ ನೆನಪಿನಲ್ಲಿ ಉಳಿದದ್ದು ಮೊದಲಿನ ಕಥನವೇ. ಅಂಥ ಚರ್ಚ್‌ಗೆ ಈ ವಿಷಯ ತನ್ನ ಹುಟ್ಟಿನ ಕಥೆಗೇ ಅಂಟಿಕೊಂಡದ್ದು ಎಂಬುದನ್ನು ಲಂಡನ್ನಿನ ಟೀಕಾಕಾರರು ಹೆಚ್ಚಾಗಿ ಮರೆಯುತ್ತಾರೆ. ಇನ್ನೊಂದು ಮಗ್ಗುಲನ್ನು ಉಗಾಂಡದ ರಾಜಧಾನಿ ಕಂಪಾಲಾದ ಬೋಧಕರು ಮರೆಯುತ್ತಾರೆ: ಬ್ರಿಟಿಷ್ ಆಡಳಿತ ಬರುವ ಮುಂಚೆಯೇ ಅರಮನೆಯಲ್ಲಿ ಅಂಥ ಬಯಕೆಯಿತ್ತು ಎಂದು ನಂಬುವವರು, ಅದು ಹೊರಗಿನಿಂದ ಬಂದ ಸರಕು ಎಂದು ಹೇಳುವುದಾದರೂ ಹೇಗೆ?

ಹೊರಗಿನಿಂದ ಬಂದದ್ದು ಎಂದು ದಾಖಲೆಸಮೇತ ತೋರಿಸಬಹುದಾದದ್ದು ದಂಡಸಂಹಿತೆಯನ್ನು. ‘ನಿಸರ್ಗದ ಕ್ರಮಕ್ಕೆ ವಿರುದ್ಧವಾದ’ ಸಂಭೋಗವನ್ನು ಶಿಕ್ಷಿಸುವ ಭಾಷೆ 1860ರ ಭಾರತೀಯ ದಂಡಸಂಹಿತೆಯ 377ನೇ ಕಲಮಿನಲ್ಲಿ ರೂಪ ಪಡೆದು, ಬ್ರಿಟಿಷ್ ವಸಾಹತುಗಳ ಕಾನೂನುಗಳಲ್ಲಿ ಬೇರೆ ಬೇರೆ ರೂಪದಲ್ಲಿ ಹರಡಿತು. ಉಗಾಂಡದಲ್ಲಿ ಆ ಆಡಳಿತ ನೆಲೆಯೂರಲು ಚರ್ಚ್‌ನವರ ಕೈವಾಡವೂ ಇತ್ತು. ಬ್ರಿಟಿಷ್ ಈಸ್ಟ್ ಆಫ್ರಿಕಾ ಕಂಪನಿ ಹಣವಿಲ್ಲದೆ ಅಲ್ಲಿಂದ ಕಾಲ್ತೆಗೆಯಲು ಹೊರಟಾಗ, 1891ರಲ್ಲಿ ಅದನ್ನು ಅಲ್ಲೇ ಉಳಿಸಿಕೊಳ್ಳಲು ಇಂಗ್ಲೆಂಡಿನಲ್ಲಿ ಚಂದಾ ಎತ್ತಿದವರು ಮಿಷನರಿ ಸೊಸೈಟಿಯ ಬೆಂಬಲಿಗರು. 1894ರಲ್ಲಿ ಉಗಾಂಡ ಬ್ರಿಟನ್ನಿನ ರಕ್ಷಿತ ಪ್ರದೇಶವಾಯಿತು.

ಇತ್ತೀಚಿನ ಪ್ರಭಾವ ಅಮೆರಿಕದ್ದು. 2009ರ ಮಾರ್ಚ್‌ನಲ್ಲಿ ಅಮೆರಿಕದ ಮೂವರು ಇವ್ಯಾಂಜಲಿಕಲ್ (ಬೈಬಲ್‌ಗೆ ಬಿಗಿಯಾಗಿ ಅಂಟಿಕೊಳ್ಳುವ ಪ್ರೊಟೆಸ್ಟೆಂಟ್) ಪ್ರಚಾರಕರು ಕಂಪಾಲಾದಲ್ಲಿ ‘ಸಲಿಂಗಿಗಳ ಸಂಚಿನ’ ಬಗ್ಗೆ ಗೋಷ್ಠಿ ನಡೆಸಿದರು; ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಸದ ಡೇವಿಡ್ ಬಹಾಟಿ ಮೊದಲ ಮಸೂದೆ ತಂದರು. ಆ ಮೂವರಲ್ಲಿ ಒಬ್ಬರಾದ ಸ್ಕಾಟ್ ಲೈವ್ಲಿ ವಿರುದ್ಧ ಉಗಾಂಡದ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯೊಂದು ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. 2017ರಲ್ಲಿ ನ್ಯಾಯಾಧೀಶರು ಲೈವ್ಲಿ ಅವರ ನಡೆಯನ್ನು ಕಟುವಾಗಿ ಟೀಕಿಸಿದರೂ, ಅದು ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಮೊಕದ್ದಮೆಯನ್ನು ವಜಾಗೊಳಿಸಿದರು. ಗಡಿಯಾಚೆಯ ಪ್ರಚೋದನೆಗೆ ಕಾನೂನು ಹೊಣೆಯನ್ನು ಸ್ಥಾಪಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದು ಸಾಕ್ಷಿ. ಉಳಿಯುವುದು ನೈತಿಕ ಹೊಣೆ.

ಪಾಪ ಬೇರೆ, ಅಪರಾಧ ಬೇರೆ

ಈ ಚರ್ಚೆ ಸಲಿಂಗ ವಿವಾಹದ ಕುರಿತದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಗೊಂದಲದ ಮೂಲ. ಸಲಿಂಗ ಸಂಬಂಧ ಪಾಪವೇ ಅಲ್ಲವೇ ಎಂಬುದು ಒಂದು ಪ್ರಶ್ನೆ. ಪಾಪವೆಂದೇ ಇಟ್ಟುಕೊಂಡರೂ ಸರ್ಕಾರ ಅದಕ್ಕಾಗಿ ಜನರನ್ನು ಜೈಲಿಗೆ ಹಾಕಬೇಕೇ ಎಂಬುದು ಇನ್ನೊಂದು. ಎರಡನೆಯದಕ್ಕೆ ‘ಇಲ್ಲ’ ಎನ್ನಲು ಮೊದಲನೆಯದರಲ್ಲಿ ಉದಾರವಾದಿ ಆಗಬೇಕಾಗಿಲ್ಲ.

ಇದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ನಿದರ್ಶನ. 1950ರ ದಶಕದಲ್ಲಿ ಅಲ್ಲೂ ಗಂಡಸರು ಇದಕ್ಕಾಗಿ ಜೈಲಿಗೆ ಹೋಗುತ್ತಿದ್ದರು. ಕಾನೂನನ್ನು ಸಡಿಲಿಸಬೇಕೆಂದು ಸರ್ಕಾರಿ ಸಮಿತಿಯೊಂದರ 1957ರ ವುಲ್ಫೆಂಡೆನ್ ವರದಿ ಶಿಫಾರಸು ಮಾಡುವ ಮೊದಲೇ ಚರ್ಚ್ ಆಫ್ ಇಂಗ್ಲೆಂಡಿನ ನೈತಿಕ ಕಲ್ಯಾಣ ಮಂಡಳಿ ಆ ವಾದವನ್ನು ಮಂಡಿಸಿತ್ತು. ಆರ್ಚ್‌ಬಿಷಪ್ ಮೈಕಲ್ ರಾಮ್ಸೆ 1965ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸುಧಾರಣೆಯ ಪರ ನಿಂತರು. ಅದು 1967ರಲ್ಲಿ ಕಾಯ್ದೆಯಾಯಿತು. ರಾಮ್ಸೆ ಆಗಲೂ ಸಲಿಂಗ ಕ್ರಿಯೆಯನ್ನು ತಪ್ಪೆಂದೇ ನಂಬಿದ್ದವರು. ಪಾಪವೆಲ್ಲವೂ ಪೊಲೀಸರ ಕೆಲಸವಲ್ಲ ಎಂಬುದಷ್ಟೇ ಅವರ ನಿಲುವಾಗಿತ್ತು.

ಒಕ್ಕೂಟದ ಪಠ್ಯಗಳಲ್ಲೂ ಈ ಎರಡು ಎಳೆಗಳು ಒಟ್ಟಿಗಿವೆ. ಒಕ್ಕೂಟದ ಬಿಷಪ್ಪರು ಸೇರುವ ಲ್ಯಾಂಬೆತ್ ಸಮ್ಮೇಳನದ 1998ರ ನಿರ್ಣಯ ಸಲಿಂಗ ಲೈಂಗಿಕತೆ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ ಎಂದಿತು. ಅದೇ ನಿರ್ಣಯ ಸಲಿಂಗಿಗಳ ಬಗೆಗಿನ ಅವಿವೇಕದ ಭಯವನ್ನು ಖಂಡಿಸಿತು. 2005ರಲ್ಲಿ ಚರ್ಚ್‌ಗಳ ಮುಖ್ಯಸ್ಥರು ಅಂಥವರನ್ನು ಹಿಂಸಿಸುವುದು, ಕೀಳುಗಾಣಿಸುವುದು ತಮಗೆ ಅಸಹ್ಯ ಎಂದರು. 2016ರ ಜನವರಿಯಲ್ಲಿ ಕ್ಯಾಂಟರ್ಬರಿಯಲ್ಲಿ ಸೇರಿದವರು ದಂಡನಾತ್ಮಕ ಕಾನೂನುಗಳನ್ನು ನೇರವಾಗಿಯೇ ತಿರಸ್ಕರಿಸಿದರು. ಉಗಾಂಡದ ಅಂದಿನ ಆರ್ಚ್‌ಬಿಷಪ್ ಸ್ಟ್ಯಾನ್ಲಿ ಎನ್ಟಗಾಲಿ ಆ ಸಭೆಯ ನಡುವೆಯೇ ಹೊರನಡೆದಿದ್ದರು, ಆದ್ದರಿಂದ ಅದರ ಮಾತು ತಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ಆ ಚರ್ಚ್ ವಾದಿಸಬಹುದು. ಆದರೆ ತಾನೇ ಪ್ರಮಾಣವೆಂದು ಎತ್ತಿಹಿಡಿಯುವ 1998ರ ನಿರ್ಣಯದ ಅರ್ಧವನ್ನು ಮಾತ್ರ ಓದಲು ಅದಕ್ಕೆ ಅಂಥ ನೆಪವಿಲ್ಲ.

2023ರ ಫೆಬ್ರುವರಿಯಲ್ಲಿ ದಕ್ಷಿಣ ಸುಡಾನಿನಿಂದ ಮರಳುವ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಕ್ಯಾಂಟರ್ಬರಿಯ ಅಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಮತ್ತು ಚರ್ಚ್ ಆಫ್ ಸ್ಕಾಟ್‌ಲೆಂಡಿನ ಮುಖ್ಯಸ್ಥರು ಒಟ್ಟಾಗಿ ಇಂಥ ಕಾನೂನುಗಳನ್ನು ಟೀಕಿಸಿದ್ದು ಈ ಭೇದದ ಬಲದಿಂದಲೇ. ಸಲಿಂಗ ವಿವಾಹವನ್ನು ಆ ಪೋಪ್ ಒಪ್ಪಿದವರಲ್ಲ.

ಬಹಿರಂಗವಾಗಿ ಹೇಳಬೇಕೇ, ಕಿವಿಯಲ್ಲೇ?

ಘಾನಾದ ಪ್ರಸಂಗ ಇಲ್ಲಿ ಬಹಳ ಹೇಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಆಂಗ್ಲಿಕನ್ ಬಿಷಪ್ಪರು ಮಸೂದೆಯನ್ನು ಬೆಂಬಲಿಸಿದಾಗ ವೆಲ್ಬಿ ತೀವ್ರ ಕಳವಳವನ್ನು ಬಹಿರಂಗವಾಗಿ ವ್ಯಕ್ತಪಡಿಸಿದರು. ಮುಂದಿನ ತಿಂಗಳು ಘಾನಾದ ಬಿಷಪ್ಪರ ಜೊತೆ ಮಾತಾಡಿದ ಮೇಲೆ, ಹೇಳಿಕೆ ಕೊಡುವ ಮೊದಲು ಅವರೊಂದಿಗೆ ನೇರವಾಗಿ ಮಾತಾಡಬೇಕಿತ್ತು ಎಂದು ಕ್ಷಮೆ ಕೇಳಿದರು. ಮೊದಲ ಹೇಳಿಕೆ ಘಾನಾದಲ್ಲಿ ದೊಡ್ಡಣ್ಣನ ಗದರಿಕೆಯಂತೆ ಕೇಳಿಸಿತು. ಕ್ಷಮೆಯು ಮಸೂದೆಗೆ ಸಿಕ್ಕ ಸಮ್ಮತಿಯಂತೆ ಇಂಗ್ಲೆಂಡಿನ ಸಲಿಂಗಿ ಕ್ರೈಸ್ತರಿಗೆ ಕೇಳಿಸಿತು. 2024ರ ಫೆಬ್ರುವರಿಯಲ್ಲಿ ಸಂಸತ್ತು ಆ ಮಸೂದೆಯನ್ನು ಅಂಗೀಕರಿಸಿತು; ಅಧ್ಯಕ್ಷರ ಅಂಕಿತ ಬೀಳದೆ ಸಂಸತ್ತಿನ ಅವಧಿಯೊಂದಿಗೆ ಅದು ಬಿದ್ದುಹೋಯಿತು.

2023ರ ಜೂನ್‌ನಲ್ಲಿ ವೆಲ್ಬಿ ಉಗಾಂಡದ ವಿಷಯದಲ್ಲಿ ಕ್ರಮವನ್ನು ಬದಲಿಸಿದರು. ಮೊದಲು ಕಾಜಿಂಬಾ ಅವರಿಗೆ ಪತ್ರ ಬರೆದು ಬಳಿಕ ಹೇಳಿಕೆ ನೀಡಿದರು, ಒಕ್ಕೂಟದ ಯಾವ ಚರ್ಚ್‌ಗೂ ಇಂಥ ಕಾನೂನನ್ನು ಬೆಂಬಲಿಸಲು ಸಮರ್ಥನೆಯಿಲ್ಲ ಎಂದರು. ಕಾಯ್ದೆ ಬದಲಾಗಲಿಲ್ಲ. ಆದರೆ ಫಲವನ್ನು ಕಾಯ್ದೆಯಿಂದಷ್ಟೇ ಅಳೆಯುವುದು ಸರಿಯಲ್ಲ. ಚರ್ಚ್‌ನ ಬೋಧನೆಗೆ ಜೈಲು ಅನಿವಾರ್ಯವಲ್ಲ ಎಂದು ಅದೇ ಪರಂಪರೆಯ ಹಿರಿಯರೊಬ್ಬರು ಲಿಖಿತವಾಗಿ ಹೇಳಿದ್ದು ಕಂಪಾಲಾದ ಭಿನ್ನಮತೀಯರಿಗೆ ಒಂದು ಆಧಾರ.

ಆ ಆಧಾರ ಯಾರಿಗೆ ಬೇಕು ಎಂಬುದು ತಿಳಿಯಬೇಕಾದರೆ 2011ರ ಜನವರಿಯ ಒಂದು ಶವಸಂಸ್ಕಾರವನ್ನು ನೋಡಬೇಕು. ಸಲಿಂಗಿಗಳ ಹಕ್ಕಿನ ಹೋರಾಟಗಾರ ಡೇವಿಡ್ ಕಾಟೊ ಅವರನ್ನು ಮನೆಯಲ್ಲೇ ಹೊಡೆದು ಕೊಲ್ಲಲಾಗಿತ್ತು. ಕೆಲವೇ ತಿಂಗಳ ಹಿಂದೆ ಸ್ಥಳೀಯ ಪತ್ರಿಕೆಯೊಂದು ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಇಂಥವರನ್ನು ಗಲ್ಲಿಗೇರಿಸಿ ಎಂದು ಕರೆ ಕೊಟ್ಟಿತ್ತು. ಕೊಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಪೊಲೀಸರು ಹೇಳಿದರು. ಸಂಸ್ಕಾರ ನಡೆಸಲು ಬಂದ ಆಂಗ್ಲಿಕನ್ ಪಾದ್ರಿ ಶವದ ಮುಂದೆಯೇ ಸಲಿಂಗಿಗಳನ್ನು ಖಂಡಿಸಿ ಮಾತಾಡತೊಡಗಿದಾಗ ಗೆಳೆಯರು ಮೈಕ್ ಕಿತ್ತುಕೊಂಡರು. ಕೊನೆಗೆ ಗೋರಿಯ ಬಳಿ ಪ್ರಾರ್ಥಿಸಿದವರು ಕ್ರಿಸ್ಟೊಫರ್ ಸೆನ್ಯೊಂಜೊ. ಪಶ್ಚಿಮ ಬುಗಾಂಡದ ಬಿಷಪ್ ಆಗಿ ನಿವೃತ್ತರಾಗಿದ್ದ ಅವರನ್ನು, ಸಲಿಂಗಿಗಳ ಪರ ನಿಂತದ್ದಕ್ಕಾಗಿ ಅವರದೇ ಚರ್ಚ್ ದೂರವಿಟ್ಟಿತ್ತು. ‘ಉಗಾಂಡದ ಚರ್ಚ್’ ಎಂದಾಗ ಅಲ್ಲಿ ಒಂದೇ ದನಿಯಿದೆ ಎಂದುಕೊಳ್ಳುವುದು ಸೆನ್ಯೊಂಜೊ ಅಂಥವರನ್ನು ಅಳಿಸಿಹಾಕಿದಂತೆ.

ಹಣ ನಿಲ್ಲಿಸಿದರೆ?

ಸಖ್ಯವನ್ನು ಕಡಿದು ನೆರವು ನಿಲ್ಲಿಸಬೇಕೆಂಬ ಒತ್ತಾಯ ಇಂಗ್ಲೆಂಡಿನಲ್ಲಿ ಆಗಾಗ ಕೇಳಿಬರುತ್ತದೆ. ಭಾವನೆ ಅರ್ಥವಾಗುವಂಥದ್ದೇ, ಪರಿಣಾಮವನ್ನು ಯೋಚಿಸಬೇಕು. ವಿಶ್ವಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಉಗಾಂಡಕ್ಕೆ ಹೊಸ ಸಾಲವನ್ನು ತಡೆಹಿಡಿಯಿತು. ಕಾಯ್ದೆ ಹಿಂದಕ್ಕೆ ಹೋಗಲಿಲ್ಲ. 2025ರಲ್ಲಿ ಬ್ಯಾಂಕೇ ಕೆಲವು ರಕ್ಷಣಾ ಕ್ರಮಗಳ ನೆಲೆಯಲ್ಲಿ ಸಾಲವನ್ನು ಪುನರಾರಂಭಿಸಿತು. ಇಷ್ಟು ದೊಡ್ಡ ಕೈಯಿಂದ ಆಗದ್ದು ಒಂದು ಡಯಾಸಿಸ್‌ನ ಕಾಣಿಕೆಯಿಂದ ಆಗುವುದು ಅಸಂಭವ.

ಚರ್ಚ್ ಆಫ್ ಉಗಾಂಡ ಹಣಕ್ಕೆ ಮಣಿಯುವುದಿಲ್ಲ ಎಂಬುದಕ್ಕೂ ದಾಖಲೆಯಿದೆ. ಅಮೆರಿಕದ ಆಂಗ್ಲಿಕನ್ ಚರ್ಚ್ ಆದ ಎಪಿಸ್ಕೊಪಲ್ ಚರ್ಚ್ 2003ರಲ್ಲಿ ಸಲಿಂಗಿಯಾದ ಜೀನ್ ರಾಬಿನ್ಸನ್ ಅವರನ್ನು ಬಿಷಪ್ ಮಾಡಿದಾಗ ಉಗಾಂಡ ಆ ಚರ್ಚ್‌ನ ಸಂಬಂಧವನ್ನು ಕಡಿದುಕೊಂಡಿತು. 2005ರಲ್ಲಿ ದಕ್ಷಿಣ ರ್ವೆಂಜೋರಿ ಡಯಾಸಿಸ್ ಪೆನ್ಸಿಲ್ವೇನಿಯದ ಡಯಾಸಿಸ್ ಒಂದರಿಂದ ಬರಬೇಕಿದ್ದ ಲಕ್ಷಾಂತರ ಡಾಲರ್ ನೆರವನ್ನು ಬೇಡವೆಂದಿತು. ತೆರವಾದ ಜಾಗಕ್ಕೆ ಅಮೆರಿಕದ ಸಂಪ್ರದಾಯವಾದಿ ಸಭೆಗಳು ಬಂದವು. ಅಂಥ ಕೆಲವು ಸಭೆಗಳು ಉಗಾಂಡ, ರುವಾಂಡ ಮತ್ತು ನೈಜೀರಿಯದ ಬಿಷಪ್ಪರ ಆಶ್ರಯವನ್ನೇ ಪಡೆದವು, ಮತ್ತು ಅವುಗಳಲ್ಲಿ ಹಲವು 2009ರಲ್ಲಿ ಉತ್ತರ ಅಮೆರಿಕದ ಪ್ರತ್ಯೇಕ ಆಂಗ್ಲಿಕನ್ ಚರ್ಚ್‌ನೊಳಗೆ ಒಂದಾದವು.

ನೆರವು ನಿಂತರೆ ಮೊದಲು ಬಾಧೆ ತಟ್ಟುವುದು ಬಿಷಪ್ಪರಿಗಲ್ಲ. ಕಂಪಾಲಾದ ಮೆಂಗೊ ಆಸ್ಪತ್ರೆಯನ್ನು 1897ರಲ್ಲಿ ಸ್ಥಾಪಿಸಿದ್ದು ಮಿಷನರಿ ವೈದ್ಯ ಆಲ್ಬರ್ಟ್ ಕುಕ್. ಇಂಥ ಚರ್ಚ್ ಆಸ್ಪತ್ರೆಗಳನ್ನು ನಂಬಿದ ಬಡ ರೋಗಿಗಳಲ್ಲಿ ಸಲಿಂಗಿಗಳೂ ಇರುತ್ತಾರೆ. ಕಾಯ್ದೆಗೆ ಸಹಿ ಬಿದ್ದ ಸುದ್ದಿ ಹೊರಬಂದ ದಿನವೇ ಎಚ್‌ಐವಿ ವಿರುದ್ಧದ ಕೆಲಸಕ್ಕೆ ಧಕ್ಕೆಯಾಗಲಿದೆ ಎಂದು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಮತ್ತು ಇಂಥ ಕೆಲಸಕ್ಕೆ ಹಣ ಒದಗಿಸುವ ಗ್ಲೋಬಲ್ ಫಂಡ್‌ನ ಮುಖ್ಯಸ್ಥರು ಎಚ್ಚರಿಸಿದ್ದರು. ಆದ್ದರಿಂದ ನೆರವಿನ ಜೊತೆ ಒಂದು ಷರತ್ತನ್ನು ಇಡುವುದು ಹೆಚ್ಚು ಅರ್ಥಪೂರ್ಣ: ಈ ಹಣದಲ್ಲಿ ನಡೆಯುವ ಯಾವ ಆಸ್ಪತ್ರೆಯಲ್ಲೂ ಯಾರಿಗೂ ಚಿಕಿತ್ಸೆ ನಿರಾಕರಿಸಬಾರದು, ಯಾರ ಹೆಸರನ್ನೂ ಪೊಲೀಸರಿಗೆ ಒಪ್ಪಿಸಬಾರದು. ಅದನ್ನೂ ನಾಜೂಕಾಗಿ ಮಾಡಬೇಕು. ‘ಪ್ರಚಾರ’ದ ಕಲಮಿನ ವ್ಯಾಪ್ತಿಗೆ ಹಣಕಾಸಿನ ನೆರವೂ ಬರುವುದರಿಂದ ದಾನಿಗಳು ಬಹಿರಂಗವಾಗಿ ಕೊಚ್ಚಿಕೊಂಡರೆ ಅದರ ಬೆಲೆ ತೆರುವವರು ಅಲ್ಲಿನ ದಾದಿಯರು.

ಯಾರ ಮಾತು ಕೇಳಿಸುತ್ತದೆ

ಇಲ್ಲಿಯವರೆಗಿನ ಟೀಕೆಯೆಲ್ಲ ಕ್ಯಾಂಟರ್ಬರಿಯ ಕಡೆಗೇ ಬೆರಳು ಮಾಡುತ್ತದೆ. ಇದು ಅರೆಬರೆ ನೋಟ. ಆಶೀರ್ವಾದದ ಪ್ರಾರ್ಥನೆಗಳಿಗೆ ಒಪ್ಪಿದ ಮೇಲೆ ಕಂಪಾಲಾದಲ್ಲಿ ಇಂಗ್ಲೆಂಡಿನ ಮಾತಿನ ಬೆಲೆ ಇಳಿದಿದೆ. ಅದು ಏನೇ ಹೇಳಿದರೂ ಅದನ್ನು ಉದಾರವಾದದ ಮುಂದಿನ ಕಂತು ಎಂದೇ ಓದಲಾಗುತ್ತದೆ. ಆದರೆ ಸಿಡ್ನಿಯ ಆಂಗ್ಲಿಕನ್ನರು, ಉತ್ತರ ಅಮೆರಿಕದ ಪ್ರತ್ಯೇಕ ಚರ್ಚ್, ಇಂಗ್ಲೆಂಡಿನೊಳಗಿನ ಇವ್ಯಾಂಜಲಿಕಲ್ ಸಭೆಗಳು ಬೋಧನೆಯಲ್ಲಿ ಉಗಾಂಡದ ಜೊತೆಗಿವೆ. ಅವರ ಸಮಾಜಗಳಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ, ಅದನ್ನು ಮತ್ತೆ ಅಪರಾಧವಾಗಿಸಿ ಎಂದು ಆ ಚರ್ಚ್‌ಗಳು ಚಳವಳಿ ನಡೆಸುತ್ತಿಲ್ಲ. ತಮ್ಮ ಮನೆಯಲ್ಲಿ ಬೇಡವಾದ ಜೈಲು ಪಾಲುದಾರರ ಮನೆಯಲ್ಲಿ ಇರಲಿ ಎಂದು ಸುಮ್ಮನಿರುವುದಕ್ಕೆ ಯಾವ ಧರ್ಮಶಾಸ್ತ್ರದಲ್ಲೂ ಆಧಾರ ಸಿಗಲಾರದು. ರಾಮ್ಸೆ ಆಡಿದ ಮಾತನ್ನು ಇವತ್ತು ಆಡಲು, ಮತ್ತು ಅಲ್ಲಿ ಕಿವಿಗೊಡುವವರನ್ನು ಪಡೆಯಲು, ಇವರಿಗಿಂತ ಯೋಗ್ಯರಿಲ್ಲ. ಹೊಣೆಯನ್ನು ಉದಾರತೆಯಿಂದ ಅಳೆಯದೆ ಪ್ರಭಾವದಿಂದ ಅಳೆದರೆ ದೊಡ್ಡ ಪಾಲು ಇವರದೇ.

ಕ್ಯಾಂಟರ್ಬರಿಗೂ ಪೂರ್ತಿ ಬಿಡುಗಡೆ ಸಿಗುವುದಿಲ್ಲ. ಕಾನೂನು ಹರಡಿದ ಆಡಳಿತದ ಜೊತೆಗಿದ್ದ ಚರಿತ್ರೆ ಅದರದು. ಜೊತೆಗೆ ಬ್ರಿಟನ್ನಿಗೆ ಓಡಿಬಂದು ಆಶ್ರಯ ಕೇಳುವ ಉಗಾಂಡದ ಸಲಿಂಗಿಗಳ ಪರ ನಿಲ್ಲುವುದು ಯಾರ ಅನುಮತಿಯನ್ನೂ ಕೇಳದೆ ಅದು ಮಾಡಬಹುದಾದ ಕೆಲಸ. 26 ಬಿಷಪ್ಪರು ಕೂರುವ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅದಕ್ಕೆ ವೇದಿಕೆಯೂ ಇದೆ.

ಮುಂದಿನ ದಾರಿ

2025ರ ಅಕ್ಟೋಬರ್‌ನ ಗಾಫ್ಕಾನ್ ಘೋಷಣೆಯ ಪ್ರಕಾರ ಅದರ ಚರ್ಚ್‌ಗಳು ಕ್ಯಾಂಟರ್ಬರಿ ಕರೆಯುವ ಸಭೆಗಳಿಗೆ ಹೋಗುವುದಿಲ್ಲ. ಒಕ್ಕೂಟದ ಸಮಾಲೋಚನಾ ಮಂಡಳಿಗೆ ಹಣ ಕೊಡುವುದೂ ಇಲ್ಲ, ಅದರಿಂದ ಪಡೆಯುವುದೂ ಇಲ್ಲ. ಇದು ಪೂರ್ಣವಾಗಿ ಜಾರಿಯಾದರೆ 2005 ಮತ್ತು 2016ರಂಥ ಹೇಳಿಕೆಗಳು ಹೊರಬರುತ್ತಿದ್ದ ಮೇಜೇ ಇಲ್ಲವಾಗುತ್ತದೆ. ಆಗ ಮಾತುಕತೆ ನಡೆಯಬಹುದಾದ ಜಾಗಗಳು ಎರಡೇ: ಗಾಫ್ಕಾನಿನ ಒಳಗೆ, ಮತ್ತು ಕೆಳಹಂತದ ಡಯಾಸಿಸ್ ಸಖ್ಯಗಳಲ್ಲಿ. ಘಾನಾದ ಮಸೂದೆ ಮತ್ತೆ ಮತಕ್ಕೆ ಬಂದಾಗ ಅದರ ಬಗ್ಗೆ ಏನು ಬರೆಯಬೇಕು, ಯಾರಿಗೆ ಬರೆಯಬೇಕು, ಯಾವ ಹಣವನ್ನು ಯಾವ ಮಾತಿನ ಮೇಲೆ ಕಳಿಸಬೇಕು ಎಂಬ ತೀರ್ಮಾನ ಆರ್ಚ್‌ಬಿಷಪ್ಪರ ಕಚೇರಿಗಿಂತ ಮೊದಲು ಪೋರ್ಟ್ಸ್‌ಮತ್‌ನಂಥ ಊರುಗಳ ಡಯಾಸಿಸ್ ಸಮಿತಿಗಳ ಮುಂದೆ ಬರಲಿದೆ.